ಪ್ರಸಾದ ಊಟವಲ್ಲ

ಈ ಬೆಳಿಗ್ಗೆ ಸಹೋದ್ಯೋಗಿಯೊಬ್ಬರು ಪೂಜೆ ಮುಗಿಸಿ ಬಂದು, ಪತ್ರಿಕಾ ಕಚೇರಿಯ ನನ್ನ ಮೇಜಿನ ಮೇಲೆ ಒಂದು ದೊನ್ನೆ ಬಾಳೆಹಣ್ಣಿನ ರಸಾಯನ ಇಟ್ಟು ಹೋದರು. ತುಪ್ಪ, ಏಲಕ್ಕಿ, ಮಾಗಿದ ಹಣ್ಣು. ಈ ವಾಸನೆಗೆ ನಿಮಗೆ ದೇವಸ್ಥಾನ ನೆನಪಾಗಬಹುದು. ನನಗೆ ತುಮಕೂರಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನ ಬಾಗಿಲು ನೆನಪಾಗುತ್ತದೆ.

ಗುಬ್ಬಿಯಲ್ಲಿರುವ ನನ್ನ ಅಕ್ಕನ ಮಗಳು ಇಂಚರ. ಹುಟ್ಟುವಾಗಲೇ ಅವಳ ಒಂದು ವರ್ಣತಂತುವಿನ ತುಣುಕು ಇರಲಿಲ್ಲ. ತೀರಾ ಅಪರೂಪದ ತೊಂದರೆ. ಅದರ ಹೆಸರು ಯಾವ ತಲೆಬರಹಕ್ಕೂ ಹಿಡಿಸುವಂಥದ್ದಲ್ಲ. ದವಡೆ ಚಿಕ್ಕದು, ಅಂಗುಳದಲ್ಲಿ ಸೀಳು. ಕುಡಿದ ಹಾಲು ಮೂಗಿಗೆ ಬರುತ್ತಿತ್ತು, ಆಡಿದ ಮಾತು ಮೂಗಿನಲ್ಲೇ ಸೋರಿಹೋಗುತ್ತಿತ್ತು. ತೂಕ ಬರಲೆಂದು ಕಾದು, ನಾಲ್ಕು ತುಂಬಿದ ಮೇಲೆ ವೈದ್ಯರು ಸೀಳು ಹೊಲಿಯಲು ದಿನ ಕೊಟ್ಟರು. ಅವರಿಗೆ ಹೊಲಿಗೆಯ ಚಿಂತೆ ಇರಲಿಲ್ಲ. ಅರಿವಳಿಕೆಯ ಚಿಂತೆ ಇತ್ತು. ಉಸಿರಿನ ದಾರಿ ಇಕ್ಕಟ್ಟು. ನಿದ್ದೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ಶ್ವಾಸಕೋಶಕ್ಕೇ ಇಳಿಯಬಹುದು. ಹಾಗಾಗಿ ಖಾಲಿ ಹೊಟ್ಟೆಯಲ್ಲಿ ಕರೆತರಬೇಕೆಂದು ಎರಡೆರಡು ಸಲ ಹೇಳಿದ್ದರು.

ಹಿಂದಿನ ದಿನವೇ ಎಲ್ಲರೂ ಕ್ಯಾತ್ಸಂದ್ರದ ನನ್ನ ಮನೆಗೆ ಬಂದರು. ಕುಣಿಗಲ್ ಕಡೆಯಿಂದ ಅಮ್ಮನೂ ಬಂದಳು. ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅರ್ಜಿ ತುಂಬುವ ಕೆಲಸ ನನ್ನದು. ಇಬ್ಬರನ್ನು ವಿಚಾರಿಸದೆ ಒಂದು ಸಾಲೂ ಬರೆಯಬೇಡಿ ಎಂದು ಹೊಸ ವರದಿಗಾರರಿಗೆ ಪಾಠ ಹೇಳುವವನು ನಾನು. ಅಕ್ಕನನ್ನು ಕೇಳಿದೆ, ಅಮ್ಮನನ್ನೂ ಕೇಳಿದೆ.

"ಏನೂ ತಿಂದಿಲ್ಲ ಕಣಪ್ಪ. ಪಾಪ, ಹಸ್ಕೊಂಡೈತೆ," ಎಂದಳು ಅಮ್ಮ.

ಕೊನೆಯ ಆಹಾರ ರಾತ್ರಿ ಎಂಟಕ್ಕೆ ಎಂದು ಬರೆದು ಸಹಿ ಹಾಕಿದೆ.

ಅರಿವಳಿಕೆ ಕೊಡುವ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಅರ್ಜಿಯನ್ನು ಓದಿಯೂ ಇಂಚರಳ ಮುಂದೆ ಕುಕ್ಕರಗಾಲಲ್ಲಿ ಕೂತು, "ಬೆಳಿಗ್ಗೆ ಏನ್ ತಿಂದೆ ಚಿನ್ನ?" ಎಂದರು. ಇಂಚರ ಎಡಗೈ ಮೇಲೆ ಬಲಗೈ ಇಟ್ಟು, ಅಂಗೈ ಬಟ್ಟಲು ಮಾಡಿ ತೋರಿಸಿದಳು.

ಡಾಕ್ಟರು ಅಮ್ಮನ ಕಡೆ ತಿರುಗಿದರು. "ಅಜ್ಜಿ, ದೇವಸ್ಥಾನಕ್ಕೆ ಹೋಗಿದ್ರಾ?"

"ಹೂ ಕಣವ್ವ, ಇವ್ರೆಲ್ಲ ರೆಡಿಯಾಗೋ ಹೊತ್ಗೆ ಮಗೂನ ಎತ್ಕೊಂಡು ಹೋಗ್ಬಂದೆ. ಒಳ್ಳೆ ಕೆಲ್ಸಕ್ಕೆ ಹೊರಟಿದೀವಲ್ಲ."

"ಪ್ರಸಾದ ಏನ್ ಕೊಟ್ರು?"

"ರಸಾಯನ. ಎರಡೇ ಚಮಚ."

ಅಕ್ಕ ಅಮ್ಮನ ತೋಳು ಹಿಡಿದಳು. "ಅಮ್ಮ, ಎಷ್ಟ್ ಸಲ ಹೇಳಿದ್ದೆ ನಿಂಗೆ?"

"ಊಟ ಕೊಡಬ್ಯಾಡ ಅಂದೆ, ಕೊಡ್ಲಿಲ್ಲ. ಪ್ರಸಾದ ಊಟ ಆಯ್ತದೇನೇ? ಉಪವಾಸದ ದಿನಾನೂ ತಗೋತೀವಲ್ಲ."

ಅವಳು ಸುಳ್ಳು ಹೇಳಿರಲಿಲ್ಲ. ನನ್ನ ಪ್ರಶ್ನೆಯೇ ಸರಿಯಿರಲಿಲ್ಲ. ನಮ್ಮ ಕಡೆ ಪ್ರಸಾದ ತಿಂದರೆ ತಿಂದಂತಲ್ಲ ಎಂಬುದು ನನಗೆ ಗೊತ್ತಿರಬೇಕಿತ್ತು, ಡಾಕ್ಟರಿಗೆ ಗೊತ್ತಿತ್ತು. "ನಮ್ಮಜ್ಜೀನೂ ಹಿಂಗೇ," ಎಂದರು. ಆ ದಿನದ ಆಪರೇಷನ್ ಮುಂದಕ್ಕೆ ಹೋಯಿತು. "ಇಂಥ ಮಗೂನ ನಾನು ಇದೇ ಮೊದಲು ನೋಡ್ತಿರೋದು. ಇನ್ನಷ್ಟು ಓದ್ಕೊಳ್ಳೋಕೆ ನಂಗೂ ಟೈಮ್ ಸಿಕ್ತು ಅನ್ಕೊಳ್ಳಿ," ಎಂದು ಅಮ್ಮನ ಭುಜ ತಟ್ಟಿದರು. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವವರನ್ನು ನನ್ನ ವೃತ್ತಿಯಲ್ಲಿ ನಾನು ಕಂಡದ್ದು ಕಡಿಮೆ.

ಹತ್ತು ದಿನದ ನಂತರ ಮತ್ತೆ ಹೋದೆವು. ಅಮ್ಮ ಹೊರಡುವ ಮುಂಚೆ ಒಬ್ಬಳೇ ದೇವಸ್ಥಾನಕ್ಕೆ ಹೋಗಿ ಬಂದಿದ್ದಳು. "ದೇವ್ರಿಗೇ ಹೇಳ್ಬಂದಿದೀನಿ, ಇವತ್ತು ನಿನ್ನ ಪ್ರಸಾದನೂ ಬ್ಯಾಡ ಅಂತ. ಅವ್ನೇನೂ ಬೇಜಾರು ಮಾಡ್ಕೊಳಲ್ಲ ಬುಡು."

ಮಾಸ್ಕ್ ಇಡುವವರೆಗೂ ಅಕ್ಕನನ್ನು ಮಗುವಿನ ಪಕ್ಕದಲ್ಲೇ ಬಿಟ್ಟರು. ಉಸಿರಾಟದ ಸಣ್ಣ ನಳಿಕೆ ಮೂರನೆಯ ಪ್ರಯತ್ನಕ್ಕೆ ಇಳಿಯಿತೆಂದು ಆಮೇಲೆ ತಿಳಿಯಿತು. ಇವಳು ಏಳುವುದು ತಡವಾಗುತ್ತದೆ ಎಂದು ಮೊದಲೇ ಹೇಳಿದ್ದರು, ಆದರೂ ಗಡಿಯಾರ ನೋಡುವುದು ತಪ್ಪಲಿಲ್ಲ. ಹೊಲಿಗೆ ಮುಗಿದು ಎರಡು ಗಂಟೆ ಹತ್ತು ನಿಮಿಷದ ನಂತರ ಇಂಚರ ಅರ್ಧ ಕಣ್ಣು ತೆರೆದು, ಕೆನ್ನೆ ಸವರುತ್ತಿದ್ದ ಅಕ್ಕನ ಕೈಯನ್ನು ಸಿಡುಕಿನಿಂದ ತಳ್ಳಿ, ಮಗ್ಗುಲು ಬದಲಿಸಿದಳು. ಅಕ್ಕ ಅಳುತ್ತಲೇ ನಕ್ಕಳು.

ಈಗ ಇಂಚರಳಿಗೆ ಆರೂವರೆ ವರ್ಷ. ವಾರಕ್ಕೆರಡು ದಿನ ಮಾತಿನ ತರಬೇತಿ. ಮುಂದಿನ ತಿಂಗಳು ಕಿವಿಯದೊಂದು ಚಿಕ್ಕ ಆಪರೇಷನ್ ಇದೆ, ಮತ್ತೆ ಅರಿವಳಿಕೆ ಇದೆ, ಅದೇ ಡಾಕ್ಟರು ಇದ್ದಾರೆ. ಹೆದರಿಕೆ ಇಲ್ಲವೆಂದರೆ ತಪ್ಪು ವರದಿಯಾಗುತ್ತದೆ. ಆದರೆ ಈ ಸಲ ಏನೇನು ಕೇಳಬೇಕೆಂದು ನನಗೆ ಗೊತ್ತಿದೆ.

ಇದನ್ನು ಬರೆಯುತ್ತಿರುವಾಗಲೇ ಗುಬ್ಬಿಯಿಂದ ಫೋನು ಬಂತು. ಅಕ್ಕನ ಮೊಬೈಲು, ಇಂಚರಳ ದನಿ.

"ಮಾವ, ಊಟ ಆಯ್ತಾ?"

ಒಂದು ಕಾಲದಲ್ಲಿ ಅವಳ ಬಾಯಿಂದ 'ಊಟ' ಬಂದರೆ ಮನೆಯವರೇ ಅರ್ಥ ಹೇಳಬೇಕಿತ್ತು. ಇವತ್ತು ಎದುರು ಮೇಜಿನ ವರದಿಗಾರನಿಗೂ ಸ್ಪಷ್ಟವಾಗಿ ಕೇಳಿಸಿತು.

"ಇನ್ನೂ ಇಲ್ಲ ಕಣೇ," ಎಂದೆ.

"ಹೋಗಿ ತಿನ್ನು ಹಂಗಾದ್ರೆ," ಎಂದು ಗದರಿಸಿ ಫೋನಿಟ್ಟಳು.

ಬರೆಯುವುದು ಬಿಟ್ಟು ಎದ್ದೆ.