ಬತ್ತಿದ ಕೈಪಂಪಿಗೆ ಕುಂಕುಮ

ನಮ್ಮ ಬೋರಿನ ಪರವಾನಗಿ ತಪ್ಪಿಸಿದ್ದು ಕಾನೂನಲ್ಲ, ಒಂದು ಚಿಟಿಕೆ ಕುಂಕುಮ. ಯಾರು ಏನೇ ಹೇಳಲಿ, ನಡೆದದ್ದು ಇಷ್ಟೇ.

ವಡ್ಡು ಊರಲ್ಲಿ ನಮ್ಮ ಮನೆ ಮುಂದೆ ಒಂದು ಸರಕಾರಿ ಕೈಪಂಪು ಇದೆ. ಅದು ಬತ್ತಿ ಎಷ್ಟೋ ವರ್ಷವಾಯಿತು. ನನ್ನ ಎರಡೂ ಎಮ್ಮೆಗಳನ್ನು ಅದಕ್ಕೇ ಕಟ್ಟುತ್ತಿದ್ದೆ. ಗೂಟ ಬಡಿಯುವ ಕೆಲಸ ತಪ್ಪಿತ್ತು. ಊರಿಗೆ ಬರುವ ಟ್ಯಾಂಕರ್ ನೀರು ಮನುಷ್ಯರಿಗೇ ಸಾಲದು. ಎಮ್ಮೆಗಳು ಉಳಿಯಬೇಕಾದರೆ ಹಿತ್ತಲಲ್ಲಿ ಬೋರು ಕೊರೆಸಲೇಬೇಕಿತ್ತು. ಆದರೆ ಕುಡಿಯುವ ನೀರಿನ ಸರಕಾರಿ ಬೋರಿನ ಸಮೀಪ ಇನ್ನೊಂದು ಕೊರೆಯುವಂತಿಲ್ಲವಂತೆ. ಪಂಪು ಸತ್ತಿದೆ ಎಂದು ಕಚೇರಿಯವರೇ ಬಂದು ನೋಡಿ ಒಪ್ಪಿದರೆ ಮಾತ್ರ ಪರವಾನಗಿ. ಮಗ ಅರ್ಜಿ ಹಾಕಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಪಾಳಿಗೆ ಹೋಗುತ್ತಾ ಬರುತ್ತಾ ಕಾದ. ಅವರು ಬರಲಿಲ್ಲ.

ಬಂದದ್ದು ಬಾಣಂತಿ ಸೊಸೆ ಗಂಗೆಪೂಜೆ ಮಾಡಿದ ದಿನ. ಬಾಣಂತಿ ಮತ್ತೆ ಕೊಡ ಎತ್ತುವ ಮೊದಲು ನೀರಿನ ನೆಲೆಗೆ ಪೂಜೆ ಆಗಬೇಕು. ಊರ ಬಾವಿ ಮುಚ್ಚಿದ್ದಾರೆ. “ಟ್ಯಾಂಕರಿಗೆ ಕುಂಕುಮ ಹಚ್ಚಲೇನ್ರಿ ಅತ್ತಿ?” ಎಂದು ಸೊಸೆ ನಕ್ಕಳು. ಕೊನೆಗೆ ಎಮ್ಮೆ ಬಿಚ್ಚಿ, ಸಗಣಿ ತೆಗೆದು, ಪಂಪಿನ ಕಟ್ಟೆ ತೊಳೆದೆವು. ಅರಿಸಿನ, ಕುಂಕುಮ, ಹೂವು, ಮೇಲೊಂದು ಬಿಂದಿಗೆ ಟ್ಯಾಂಕರ್ ನೀರು.

ಕಟ್ಟೆ ಆರುವ ಮೊದಲೇ ಕಚೇರಿಯ ಸಾಹೇಬ ಜೀಪಿನಿಂದ ಇಳಿದ.

“ಭಾಳ ಚಲೋ ಇಟ್ಟೀರಿ ಅಜ್ಜಿ. ನೀರು ಬರತೈತಲ್ಲ!”

“ಅದು ಟ್ಯಾಂಕರ್ ನೀರೋ ಯಪ್ಪಾ. ಹಿಡಿಕಿ ಜಗ್ಗಿ ನೋಡು.”

“ಪೂಜಿ ಆಗೇತಿ. ಬೂಟುಗಾಲಾಗ ಹೆಂಗ ಮುಟ್ಟಲಿ?”

“ಬಿಚ್ಚು. ನಾ ಕಾಯ್ತೀನಿ. ನಿನ್ನ ಬೂಟು ಎಮ್ಮಿ ತಿನ್ನಂಗಿಲ್ಲ.”

ನಕ್ಕನೇ ಹೊರತು ಬಿಚ್ಚಲಿಲ್ಲ. ನಾನೇ ಜಗ್ಗಿದೆ. ಪಂಪು ಕಿರುಗುಟ್ಟಿತು, ಹನಿ ಬೀಳಲಿಲ್ಲ.

“ಈಗಷ್ಟ ಪಂಪು ಹೊಡ್ದು ಖಾಲಿ ಮಾಡೀರಿ. ನೀರು ಊರಾಕ ಟೈಮ್ ಬೇಕಲ್ಲ,” ಎಂದ.

ಒದ್ದೆ ಕಟ್ಟೆಯ ಫೋಟೊ ಹೊಡೆದುಕೊಂಡ, ಹೂವಿನದೂ ಹೊಡೆದುಕೊಂಡ. ಪಂಪು ಚಾಲ್ತಿಯಲ್ಲಿದೆ, ಹೊಸ ಬೋರು ಕೊಡಲು ಬರುವುದಿಲ್ಲ ಎಂದು ಅಲ್ಲೇ ಹೇಳಿ ಜೀಪು ಹತ್ತಿದ. ಸೊಸೆ ಕೊಡ ಹಿಡಿದು ನಿಂತೇ ಇದ್ದಳು.

ಜನರ ಕುಡಿಯುವ ನೀರು ಕಾಪಾಡಲು ಈ ಕಾನೂನು ಎನ್ನುತ್ತಾರೆ. ಇರಲಿ. ಇಲ್ಲದ ನೀರನ್ನು ನನ್ನ ಎಮ್ಮೆಗಳಿಂದ ಕಾಪಾಡಿದರು.

ಮರುದಿನ ಬೆಳಗ್ಗೆ ಸೆರಗಿನಿಂದ ಕುಂಕುಮ ಒರೆಸಿ, ಗೊಡ್ಡೆಮ್ಮೆಯನ್ನು ಪಂಪಿಗೆ ಕಟ್ಟಿದೆ. ಹಾಲಿನ ಎಮ್ಮೆ ಹೆಚ್ಚು ನೀರು ಕುಡಿಯುತ್ತದೆ. ಅದನ್ನು ಸಂತೆಗೆ ಹೊಡೆದುಕೊಂಡು ಹೋದೆ.