ಆಮ್ರಪಾಲಿ ಬರೆಸಿದ ನಿಯಮಗಳು

ವಿಜಯಪುರದ ಜೋರಾಪುರ ಪೇಟೆಯ ಆಮ್ರಪಾಲಿಗೆ ಸಣ್ಣ ಸಂಘಗಳೆಂದರೆ ಜೀವ. ಹದಿನಾಲ್ಕು ವರ್ಷಗಳಿಂದ ಅವಳ ಕೆಲಸವೇ ಅದು. ಮಠದಲ್ಲಿ ದಾಸೋಹ ನಡೆಸುವವರಿರಲಿ, ಮಸೀದಿಯ ಪಕ್ಕ ಹೊಲಿಗೆ ಕಲಿಸುವ ಹೆಂಗಸರಿರಲಿ, ಅವರ ನಡುವೆ ಕೂತು ನಿಯಮ ಬರೆಯುವುದು, ಸಭೆ ಕರೆಯುವುದು, ಠರಾವು ಪುಸ್ತಕ ಇಡುವುದು, ನೋಂದಣಿ ಮಾಡಿಸುವುದು ಎಲ್ಲವನ್ನೂ ಕಲಿಸುತ್ತಿದ್ದಳು. ಅವಳ ತಂದೆ ಪರಸಪ್ಪ ಬುದ್ಧವಿಹಾರದಲ್ಲಿ ನಡೆಸುತ್ತಿದ್ದ ವಾಚನಾಲಯಕ್ಕೆ ಅವನು ತೀರಿಕೊಂಡ ತಿಂಗಳೊಳಗೇ ಬೀಗ ಬಿದ್ದಿತ್ತು. ಒಬ್ಬರ ಹೆಗಲ ಮೇಲೆ ನಿಂತ ಒಳ್ಳೆಯ ಕೆಲಸ ಉಳಿಯುವುದಿಲ್ಲ ಎಂಬುದು ಅಂದಿನಿಂದ ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಮೂರು ವರ್ಷದ ಹಿಂದೆ ಅವಳು ತಿಕೋಟಾಕ್ಕೆ ಹೋದಳು. ಅಲ್ಲಿ ಅಮೋಘಸಿದ್ಧನ ಗುಡಿಯಲ್ಲಿ ಭಜನೆ ಮಾಡುವ ಏಳು ಹೆಂಗಸರು, ಹಾಸಿಗೆ ಹಿಡಿದವರ ಮನೆಗೆ ದಿನಾ ರೊಟ್ಟಿ ಪಲ್ಯ ಒಯ್ಯುತ್ತಿದ್ದರು. ಅವರನ್ನು ಕೂಡಿಸಿದವಳು ಸಾವಂತ್ರವ್ವ. ಅರವತ್ತು ದಾಟಿದ, ಅಕ್ಷರ ಬಾರದ ಹೆಂಗಸು. ಊಟ ಹೋಗುವ ಇಪ್ಪತ್ತೆರಡು ಮನೆಗಳೂ ಅವಳ ತಲೆಯಲ್ಲಿದ್ದವು. ಯಾರಿಗೆ ಹಲ್ಲಿಲ್ಲ, ಯಾರಿಗೆ ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಬೇಕು, ಯಾರು ಪಕ್ಕದಲ್ಲಿ ಕೂತು ಮಾತಾಡಿಸದಿದ್ದರೆ ತುತ್ತು ಎತ್ತುವುದಿಲ್ಲ, ಎಲ್ಲ ಗೊತ್ತು.

“ಇದನ್ನೆಲ್ಲಾ ಎಲ್ಲೆರೆ ಬರದಿಟ್ಟೀರೇನು ಯವ್ವಾ?” ಎಂದು ಆಮ್ರಪಾಲಿ ಕೇಳಿದಳು.

“ದಿನಾ ಹೋಗೂ ಮನಿ ಬರದಿಡಬೇಕೇನ್ರಿ ಬಾಯಾರ?”

“ನಾಳೆ ನೀವ ಹಾಸಿಗಿ ಹಿಡದ್ರ?”

ಈ ಮಾತು ಕೇಳಿದ ಮೇಲೆ ಸಾವಂತ್ರವ್ವ ಸಂಘ ಕಟ್ಟಲು ಒಪ್ಪಿದಳು.

ಅಧ್ಯಕ್ಷರು ಯಾರು ಎಂಬ ಮಾತು ಬಂದಾಗ ಹೆಂಗಸರೆಲ್ಲ ಸಾವಂತ್ರವ್ವನ ಕಡೆ ನೋಡಿದರು. ಅಧ್ಯಕ್ಷರಾದವರು ಕಾಗದ ಓದಬೇಕು, ಅಧಿಕಾರಿಗಳೊಡನೆ ಮಾತಾಡಬೇಕು ಎಂದು ಆಮ್ರಪಾಲಿಯೇ ತಡೆದಳು. ನಿವೃತ್ತ ಮಾಸ್ತರ ಶಿವಲಿಂಗ ಅಧ್ಯಕ್ಷನಾದ. “ಯವ್ವಾ ಗೌರವ ಸಲಹೆಗಾರ್ತಿ ಆಗಿ ಇರ್ಲಿ” ಎಂದಳು ಆಮ್ರಪಾಲಿ. ಸಾವಂತ್ರವ್ವ ಸೆರಗು ಸರಿಮಾಡಿಕೊಂಡು, “ಆಗ್ಲೇಳ್ರಿ” ಎಂದಳು. ಅದನ್ನು ಆಮ್ರಪಾಲಿ ಸಂತೋಷದ ಒಪ್ಪಿಗೆ ಎಂದುಕೊಂಡಳು.

ಸಂಘ ಚೆನ್ನಾಗಿಯೇ ನಡೆಯಿತು. ಗೋಳಗುಮ್ಮಟದ ಹತ್ತಿರದ ಸಭಾಂಗಣದಲ್ಲಿ ಸಂಘಗಳ ಸಮಾವೇಶವಾದಾಗ ಶಿವಲಿಂಗ ಮಾಸ್ತರ ಹತ್ತು ನಿಮಿಷ ಮಾತಾಡಿದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಆಮ್ರಪಾಲಿ. ಸಾವಂತ್ರವ್ವ ಬಂದಿಲ್ಲ ಎಂಬುದು ಅವಳ ಗಮನಕ್ಕೆ ಬಂದದ್ದು ಮನೆಗೆ ಹೋದ ಮೇಲೆ.

ನಿಯಮದಲ್ಲಿ ಒಂದು ಸಾಲಿತ್ತು: ಅರವತ್ತು ತುಂಬಿದ, ದಿಕ್ಕಿಲ್ಲದವರಿಗೆ ಮಾತ್ರ ಊಟ. ಅದನ್ನು ಬರೆಸಿದವಳು ಆಮ್ರಪಾಲಿಯೇ. ಊರಲ್ಲಿ ರಾಜಬಿ ಎಂಬ ಹೆಂಗಸಿದ್ದಳು. ವಯಸ್ಸು ನಲವತ್ತೆಂಟು, ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದಿದ್ದವು. ಅಣ್ಣನ ಮನೆಯಲ್ಲಿದ್ದಳು. ಅಣ್ಣನ ಸಂಸಾರ ವರ್ಷಕ್ಕೆ ನಾಲ್ಕು ತಿಂಗಳು ಕಬ್ಬು ಕಡಿಯಲು ಹೋಗುತ್ತಿದ್ದುದು ಸಾವಂತ್ರವ್ವನನ್ನು ನಂಬಿಯೇ. ನಿಯಮದಂತೆ ಮಾಡಿದ ಪಟ್ಟಿಯಲ್ಲಿ ರಾಜಬಿಯ ಹೆಸರು ಬರಲಿಲ್ಲ. ಸಾವಂತ್ರವ್ವ ಸಭೆಯಲ್ಲಿ ಕೇಳಿದಳು.

“ನಿಯಮದಾಗ ಕುಂಡ್ರಂಗಿಲ್ಲ ಯವ್ವಾ. ಮುಂದಿನ ಸಭೆದಾಗ ಠರಾವು ಮಾಡೂಣು” ಎಂದ ಮಾಸ್ತರ. ಅವನು ಕೆಟ್ಟವನಲ್ಲ. ಆದರೆ ಮುಂದಿನ ಸಭೆಗೆ ಸಾಕಷ್ಟು ಜನ ಸೇರಲಿಲ್ಲ.

ಸಾವಂತ್ರವ್ವ ತಾನೇ ರಾಜಬಿಗೆ ರೊಟ್ಟಿ ಒಯ್ಯತೊಡಗಿದಳು. ಅಣ್ಣನ ಸಂಸಾರ ಕಬ್ಬಿಗೆ ಹೋಗಿದ್ದ ಸುಗ್ಗಿಯ ದಿನಗಳಲ್ಲಿ ಸಾವಂತ್ರವ್ವನ ಮೊಣಕಾಲು ಬಾತು, ಎದ್ದು ನಿಲ್ಲಲಾಗದೆ ಹಾಸಿಗೆ ಹಿಡಿದಳು. ಪಟ್ಟಿಯ ಮನೆಗಳಿಗೆಲ್ಲ ಊಟ ತಪ್ಪದೆ ಹೋಯಿತು. ರಾಜಬಿಗೆ ಬೇರೆ ಯಾರೋ ಕೊಡುತ್ತಿರಬೇಕು ಎಂದು ಸಾವಂತ್ರವ್ವನೂ ಸೇರಿ ಪ್ರತಿಯೊಬ್ಬರೂ ತಿಳಿದರು. ನಾಲ್ಕನೆಯ ದಿನ ನೆರೆಮನೆಯ ಬಾನುಬಿ ನೋಡಿದಾಗ ರಾಜಬಿಗೆ ಮಾತು ನಿಂತಿತ್ತು. ವಿಜಯಪುರದ ಆಸ್ಪತ್ರೆಯಲ್ಲಿ ಒಂದು ವಾರ ಇದ್ದು ತೀರಿಕೊಂಡಳು. ಹಳೆಯ ಬೇನೆ ಎಂದರು ಎಲ್ಲರೂ. ಯಾರೂ ಯಾರನ್ನೂ ದೂರಲಿಲ್ಲ.

ಸುದ್ದಿ ಕೇಳಿ ಆಮ್ರಪಾಲಿ ತಿಕೋಟಾಕ್ಕೆ ಬಂದಳು. ಸಾವಂತ್ರವ್ವ ಮೊಣಕಾಲಿಗೆ ಬಿಸಿ ಉಪ್ಪಿನ ಗಂಟು ಒತ್ತಿಕೊಳ್ಳುತ್ತ ಕೂತಿದ್ದಳು.

“ತಪ್ಪು ನಂದು ಯವ್ವಾ. ಆ ಸಾಲು ನಾನ ಬರಸಿದ್ದೆ.”

“ನಾ ಬಿದ್ರ ಮುಂದ ಹೆಂಗ ಅಂತ ಕೇಳಿದ್ರಿ ನೀವು. ಖರೇನ ಕೇಳಿದ್ರಿ. ಆದ್ರ ಊಟ ಬೇಕಾದವರು ಯಾರ್ಯಾರು ಅದಾರ ಅಂತ ಬರಿಯೂವಾಗ ನನ್ನ ಕೇಳಲಿಲ್ಲ.” ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. “ಅಕಿಗಿ ಎಡಗೈಲೆ ತಿನ್ನಾಕ ಬರತಿದ್ದಿಲ್ಲ. ತುತ್ತು ಮಾಡಿ ಬಾಯಾಗ ಇಡಬೇಕಿತ್ತು. ಅದು ನನಗೊಬ್ಬಾಕಿಗೆ ಗೊತ್ತಿತ್ತು.”

ಮುಂದಿನ ತಿಂಗಳು ಸಂಘ ನಿಯಮ ತಿದ್ದಿತು. ಊಟ ಈಗಲೂ ನಡೆದಿದೆ, ಮನೆಗಳು ಮೂವತ್ತಾಗಿವೆ. ಸಾವಂತ್ರವ್ವ ಭಜನೆಗೆ ಬರುತ್ತಾಳೆ, ಸಭೆಗೆ ಮಾತ್ರ ಬರುವುದಿಲ್ಲ.

ಈಗ ಆಮ್ರಪಾಲಿ ಬಬಲೇಶ್ವರದ ಒಂದು ಬಳಗದೊಂದಿಗಿದ್ದಾಳೆ. ಅದನ್ನು ನಡೆಸುವ ರೇಣುಕಾಳ ಹಿಂದೆ ಹದಿನೈದು ದಿನ ಮನೆಮನೆಗೆ ನಡೆದ ಮೇಲೆಯೇ ನಿಯಮ ಬರೆಯಲು ಕಾಗದ ತೆಗೆದಳು. ಅಲ್ಲಿಯ ಹೆಂಗಸರಿಗೆ ನಾಲ್ಕು ಮಾತು ಹೇಳಲು ಬನ್ನಿ ಎಂದು ಸಾವಂತ್ರವ್ವನನ್ನು ಎರಡು ಸಲ ತಿಕೋಟಾಕ್ಕೆ ಹೋಗಿ ಕರೆದಳು. ಎರಡು ಸಲವೂ ಸಾವಂತ್ರವ್ವ ಚಹಾ ಕುಡಿಸಿ, ಕಾಲುನೋವಿನ ನೆಪ ಹೇಳಿ, ಬಸ್‌ಸ್ಟ್ಯಾಂಡಿನವರೆಗೂ ನಡೆದು ಬಂದು ಆಮ್ರಪಾಲಿಯನ್ನು ಕಳಿಸಿಕೊಟ್ಟಳು.