ಖಾಲಿ ಶೀಶೆಯ ಸಾಕ್ಷಿ

ಟೀಚರ ಬೆರಳ ಗೆಣ್ಣುಗಳಲ್ಲಿ ಚರ್ಮ ಸದಾ ಒಡೆದಿರುತ್ತಿತ್ತು. ಚಳಿಗಾಲದಲ್ಲಂತೂ ಬಿರುಕುಗಳಿಂದ ರಕ್ತ ಒಸರುತ್ತಿತ್ತು. ಆದರೂ ಕೈಗೆ ಕ್ರೀಮು ಹಚ್ಚುತ್ತಿರಲಿಲ್ಲ. ನಾವು ಅಳೆಯುತ್ತಿದ್ದ ರಾಸಾಯನಿಕಗಳು ಕ್ರೀಮಿನಲ್ಲೂ ಇರಬಹುದು, ಅಂಟದ ಬಾಣಲೆಯಲ್ಲೂ ಮಳೆಕೋಟಿನಲ್ಲೂ ಕಲೆ ಹಿಡಿಯದ ಬಟ್ಟೆಯಲ್ಲೂ ಇರಬಹುದು. ಒಮ್ಮೆ ಹುಟ್ಟಿದರೆ ಬಿಸಿಲಿಗೂ ಉಪ್ಪುನೀರಿಗೂ ಜಗ್ಗದಂಥವು. ಅವುಗಳ ಒಂದು ಕಣ ಕೈಯಿಂದ ಶೀಶೆಗೆ ಬಿದ್ದರೆ ಫಲಿತಾಂಶವೇ ಸುಳ್ಳಾಗುತ್ತದೆ.

ಗಲ್ಫಿನ ಮೀನಾ ಸಲ್ಮಾನ್ ಬಂದರಿನ ಗೋದಾಮುಗಳ ನಡುವಿನ ಒಂದು ಸಣ್ಣ ಪ್ರಯೋಗಾಲಯದಲ್ಲಿ ಅವರು ಮುಖ್ಯ ಕೆಮಿಸ್ಟ್. ಉಡುಪಿ ಕಡೆಯ ಕ್ರೈಸ್ತರು, ಒಂಟಿ ಜೀವ. ಊರಲ್ಲಿ ಹೈಸ್ಕೂಲಿಗೆ ವಿಜ್ಞಾನ ಕಲಿಸಿ ಬಂದವರಾದ್ದರಿಂದ ಎಲ್ಲರಿಗೂ ‘ಟೀಚರ್’. ಪಾಕಿಸ್ತಾನದ ಡ್ರೈವರ್ ಕೂಡ ‘ಟೀಚರ್‌ಜೀ’ ಅನ್ನುತ್ತಿದ್ದ. ಉಳ್ಳಾಲದ ಬ್ಯಾರಿ ಹೆಂಗಸು ನಾನು, ಡಿಗ್ರಿ ಮುಗಿಸಿ ಹನ್ನೊಂದು ವರ್ಷ ಮನೆಯಲ್ಲೇ ಇದ್ದವಳು. ನನ್ನನ್ನು ಕೆಲಸಕ್ಕೆ ಆರಿಸಿದವರು ಅವರೇ.

ಮೊದಲ ದಿನವೇ ಹೇಳಿದ್ದರು: “ಹೊಸ ಬಟ್ಟೆ ಹಬ್ಬಕ್ಕೆ ಆಯ್ತಾ? ಇಲ್ಲಿಗೆ ಹಳತೇ ಬೇಕು. ಆರು ಸಲ ಒಗೆದ ಹತ್ತಿ ಬಟ್ಟೆ. ಮರಿಬೇಡ ಮಾರಾಯ್ತಿ.”

ಒಳಗೆ ತಿನ್ನುವಂತಿರಲಿಲ್ಲ. ಜುಲೈ ಬಿಸಿಲಲ್ಲೂ ಅವರು ಹೊರಗಿನ ಮೆಟ್ಟಿಲ ಮೇಲೆ ನಿಂತೇ ಸ್ಟೀಲ್ ಡಬ್ಬಿಯ ಗಂಜಿ ಮುಗಿಸುತ್ತಿದ್ದರು. ಒಮ್ಮೆ ಯಾರೋ ಶೀಶೆಗಳ ತಟ್ಟೆಗೆ ಅಂಟುಚೀಟಿ ಹಚ್ಚಿದ್ದಕ್ಕೆ, ಆ ಅಂಟಿನಲ್ಲೂ ಅದೇ ರಾಸಾಯನಿಕ ಇರಬಹುದೆಂದು, ಇಡೀ ದಿನದ ಕೆಲಸವನ್ನು ಚರಂಡಿಗೆ ಸುರಿದು, “ಈಗ ಮೊದಲಿಂದ” ಅಂದಿದ್ದರು. ಆ ಸಿಟ್ಟಿಗೆ ನಾವೆಲ್ಲ ಹೆದರುತ್ತಿದ್ದೆವು.

ಒಂದು ವರ್ಷ ಜುಲೈಯಲ್ಲಿ ಉತ್ತರ ಧ್ರುವದ ಕಡೆಯಿಂದ ಪೆಟ್ಟಿಗೆ ಬಂತು. ಅಲ್ಲಿ ಕಡಲಹಕ್ಕಿಗಳನ್ನು ಅಧ್ಯಯನ ಮಾಡುತ್ತಿದ್ದ ಒಂದು ತಂಡ, ತಮ್ಮ ಫಲಿತಾಂಶ ಸರಿಯೇ ಎಂದು ತಾಳೆ ನೋಡಲು, ಆ ಹಕ್ಕಿಗಳಿರುವ ಒಂದೇ ಬಂಡೆಯಿಂದ ತೆಗೆದ ಮೊಟ್ಟೆಗಳನ್ನು ಬೇರೆ ಬೇರೆ ದೇಶದ ಪ್ರಯೋಗಾಲಯಗಳಿಗೆ ಹಂಚಿತ್ತು. ಇಲ್ಲಿನ ದ್ವೀಪಗಳ ನೀರುಕಾಗೆಯ ಮೊಟ್ಟೆಗಳನ್ನು ಹಿಂದೆ ಪರೀಕ್ಷಿಸಿದ್ದರಿಂದ ನಮಗೂ ಆರು ಬಂದಿದ್ದವು. ಹಿಮಗಟ್ಟಿದ, ಒಂದು ಕಡೆ ಚೂಪಾದ, ಹಸಿರುನೀಲಿ ಬಣ್ಣದ ಮೊಟ್ಟೆಗಳು. ಮೈಮೇಲೆಲ್ಲ ಯಾರೋ ಕಪ್ಪು ಶಾಯಿಯಲ್ಲಿ ಗೀಚಿದಂತೆ ಗೆರೆಗಳು. ಟೀಚರ್ ಒಂದನ್ನು ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು. “ಇನ್ನೊಂದು ಸಲ ಕೇಳಿದ್ರೆ ಸಿಗುದಿಲ್ಲ ಇದು,” ಅಂದರು.

ಒಂದೊಂದನ್ನೂ ಬೇರೆಬೇರೆಯಾಗಿ ಒಡೆದು, ಕಲಸಿ, ಅರ್ಧವನ್ನು ಪರೀಕ್ಷೆಗೆ ತೆಗೆದುಕೊಂಡು ಉಳಿದರ್ಧವನ್ನು ಫ್ರೀಜರಿನಲ್ಲಿಟ್ಟೆವು. ಮೊಟ್ಟೆಯ ಶೀಶೆಗಳ ಜೊತೆ ಬರೀ ಶುದ್ಧ ನೀರಿನ ಒಂದು ಶೀಶೆಯನ್ನೂ ಎಲ್ಲ ಹಂತ ದಾಟಿಸುತ್ತೇವೆ. ಆ ‘ಬ್ಲ್ಯಾಂಕ್’ ಅನ್ನು ನಾವು ‘ಖಾಲಿ ಶೀಶೆ’ ಅನ್ನುತ್ತಿದ್ದೆವು. ಅದರಲ್ಲಿ ಏನೂ ಕಾಣಬಾರದು.

ಕಂಡಿತು. ಧಾರಾಳವಾಗಿ ಕಂಡಿತು.

ಬೆಂಗಳೂರಿನವರಾದ ಮ್ಯಾನೇಜರ್ ನಮ್ಮ ಕೋಣೆಗೇ ಬಂದರು. “ಮುಂದಿನ ಗುರುವಾರ ರಿಪೋರ್ಟ್ ಹೋಗ್ಬೇಕು. ಬ್ಲ್ಯಾಂಕ್ ಒಂದನ್ನ ಬಿಟ್ಟು ಕಳ್ಸಿದ್ರೆ ಯಾರಿಗೆ ಗೊತ್ತಾಗುತ್ತೆ ಟೀಚರ್?”

“ಖಾಲಿ ಶೀಶೆ ಸುಳ್ಳು ಹೇಳುದಿಲ್ಲ ಸರ್. ನಾವು ಹೇಳ್ಬಹುದು, ಅದು ಹೇಳುದಿಲ್ಲ. ಹಕ್ಕಿಯ ಮೊಟ್ಟೆಯಲ್ಲಿ ಇರುದು ಎಷ್ಟು, ನಮ್ಮ ಕೋಣೆಯದ್ದು ಎಷ್ಟು ಅಂತ ಗೊತ್ತಿಲ್ಲದೆ ನಾನು ಸಹಿ ಹಾಕುದಿಲ್ಲ.”

“ಹಾಗಾದ್ರೆ ಯಾರಿಂದ ಆಯ್ತು ಅಂತ ಕಂಡುಹಿಡೀರಿ. ಅವರ ವೀಸಾ ಕ್ಯಾನ್ಸಲ್ ಮಾಡಿಸ್ತೀನಿ.”

ಮೊಟ್ಟೆಗಳನ್ನು ಒಡೆದ ದಿನ ನನ್ನ ತಲೆಯ ಮೇಲಿದ್ದದ್ದು ಈದ್‌ಗೆ ಗಂಡ ತಂದುಕೊಟ್ಟಿದ್ದ ಹೊಸ ಶಾಲು. ಉಳಿದವೆಲ್ಲ ಒಗೆಯಲು ಬಿದ್ದಿದ್ದರಿಂದ ಅವಸರದಲ್ಲಿ ಸುತ್ತಿಕೊಂಡು ಬಂದಿದ್ದೆ. ಕಲೆ ಹಿಡಿಯದ ಬಟ್ಟೆ ಎಂದು ಅದರ ಚೀಟಿಯಲ್ಲೇ ಇತ್ತು. ಗಂಡನ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಇಬ್ಬರು ಮಕ್ಕಳೂ ಸೇರಿ ನಾವು ನಾಲ್ವರೂ ಈ ದೇಶದಲ್ಲಿ ನಿಂತದ್ದು ನನ್ನ ಕೆಲಸದ ಮೇಲೆ.

ಟೀಚರ್ ನಮ್ಮನ್ನೆಲ್ಲ ಕರೆದು ಕೇಳಿದರು. “ಬೈಲಿಕ್ಕಲ್ಲ. ಎಲ್ಲಿಂದ ಬಂತು ಅಂತ ಗೊತ್ತಾಗ್ಬೇಕು.” ನಾನು ನೆಲ ನೋಡಿದೆ.

ಅವರು ಒಂದೊಂದನ್ನೇ ಪರೀಕ್ಷಿಸತೊಡಗಿದರು. ಗ್ಲೌಸು, ನೀರು, ಮುಚ್ಚಳ, ಸೋಸುಕಾಗದ. ಎಲ್ಲವೂ ಶುದ್ಧ. ಗುರುವಾರ ಹತ್ತಿರವಾಗುತ್ತಿತ್ತು. ಉಳಿದ ಅರ್ಧ ಒಂದೇ ಒಂದು ಪರೀಕ್ಷೆಗೆ ಸಾಲುವಷ್ಟಿತ್ತು. ಶಾಲನ್ನು ಇನ್ನು ಹಾಕುವುದಿಲ್ಲವಲ್ಲ, ತಾನಾಗಿ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹಮದ್ ಟೌನಿನ ಮನೆಯಲ್ಲಿ ಮಕ್ಕಳಿಗೆ ಅನ್ನ ಬಡಿಸುತ್ತಾ ಸೌಟು ಕೈಯಲ್ಲೇ ಹಿಡಿದು ನಿಂತುಬಿಡುತ್ತಿದ್ದೆ.

ಮೂರನೆಯ ದಿನ ಬೆಳಿಗ್ಗೆ ಶಾಲನ್ನು ಚೀಲಕ್ಕೆ ಹಾಕಿ ಒಯ್ದು, ಹೊರಗಿನ ಮೆಟ್ಟಿಲ ಮೇಲೆ ಅವರ ಮುಂದೆ ಹಿಡಿದೆ. “ಆ ದಿನ ಇದು ನನ್ನ ತಲೆ ಮೇಲಿತ್ತು ಟೀಚರ್.”

ಅವರು ಕುಡಿಯುವ ನೀರಿನ ನಾಲ್ಕು ಹನಿ ಅದರ ಮೇಲೆ ಚಿಮುಕಿಸಿದರು. ಕೆಸುವಿನ ಎಲೆಯ ಮೇಲಿನಂತೆ ಹನಿಗಳು ಉರುಳಿ ಬಿದ್ದವು.

“ಶಾಲನ್ನು ನೀನು ಮನೆಯಲ್ಲಿಟ್ಟೆ. ನಿನ್ನ ಲ್ಯಾಬ್ ಕೋಟು?”

ನನಗೆ ಅರ್ಥವಾಗಲಿಲ್ಲ.

“ಈ ಶಾಲು ಉಜ್ಜಿದ ಕೋಟು ಮೂರು ದಿನದಿಂದ ಎಲ್ಲರ ಕೋಟಿನ ಒಟ್ಟಿಗೆ ನೇತಾಡ್ತಾ ಉಂಟು. ನಾಳೆ ಅದನ್ನೇ ಹಾಕ್ಕೊಂಡು ಉಳಿದ ಅರ್ಧವನ್ನೂ ಹಾಳು ಮಾಡ್ತಿದ್ದೆವು. ಶಾಲಿಗೆ ನನಗೆ ಸಿಟ್ಟಿಲ್ಲ. ಮೂರು ದಿನ ಬಾಯಿ ಮುಚ್ಚಿ ಕೂತಿಯಲ್ಲ, ಅದಕ್ಕುಂಟು.”

ಶಾಲಿನ ತುಂಡು ಪರೀಕ್ಷಿಸಿದಾಗ ಯಂತ್ರದ ಪರದೆಯಲ್ಲಿ ಗೆರೆ ನೆಟ್ಟಗೆ ಮೇಲೆದ್ದಿತು. ಕೋಟುಗಳನ್ನೆಲ್ಲ ತೆಗೆದು, ಗೋಡೆಯಿಂದ ನೆಲದವರೆಗೆ ಕೋಣೆ ಒರೆಸುತ್ತಿದ್ದಾಗ ಮ್ಯಾನೇಜರ್ ಬಂದರು. “ಯಾರ ಶಾಲು? ನನಗೆ ಹೆಸರು ಬೇಕು.”

“ಈ ಕೋಣೆಗೆ ಯಾರು ಎಂತ ಹಾಕ್ಕೊಂಡು ಬರ್ತಾರೆ ಅಂತ ನೋಡುವ ಕೆಲಸ ನನ್ನದು. ನೋಡ್ಲಿಲ್ಲ. ನನ್ನ ಹೆಸರು ಬರ್ಕೊಳ್ಳಿ.”

ಒದ್ದೆ ಬಟ್ಟೆ ಹಿಡಿದು ನಾನು ಎರಡು ಮಾರು ದೂರದಲ್ಲಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಎರಡನೆಯ ಪರೀಕ್ಷೆಯಲ್ಲಿ ಖಾಲಿ ಶೀಶೆ ಖಾಲಿಯೇ ಬಂತು. ಎಲ್ಲರೂ ಉಸಿರು ಬಿಟ್ಟೆವು. ಆಮೇಲೆ ಮೊಟ್ಟೆಗಳದ್ದು ಬಂತು. ಮೊದಲಿಗಿಂತ ಕಡಿಮೆ, ಆದರೆ ಇತ್ತು. ಆರರಲ್ಲೂ ಇತ್ತು.

“ಊರಿಲ್ಲ, ಕಾರ್ಖಾನೆಯಿಲ್ಲ, ಅಲ್ಲಿಗೆ ಹೇಗೆ ಹೋಯ್ತು ಟೀಚರ್?” ನಾನು ಕೇಳಿದೆ.

“ಗಾಳಿಗೆ, ನೀರಿಗೆ ಪಾಸ್‌ಪೋರ್ಟು ಬೇಕಾ? ಮೀನಿಗೆ ಹೋಯ್ತು, ಮೀನಿಂದ ತಾಯಿಗೆ. ತಾಯಿ ತನ್ನ ಮೈಯಲ್ಲಿದ್ದದ್ದನ್ನೇ ಅಲ್ವಾ ಮೊಟ್ಟೆಗೆ ಕೊಡುದು?” ಅವರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. “ಇಲ್ಲ ಅಂತ ಬಂದಿದ್ರೆ ಚೆಂದ ಇತ್ತು.” ವರದಿಗೆ ಸಹಿ ಹಾಕಿದರು. ಮೊದಲ ಪರೀಕ್ಷೆ ಹಾಳಾದದ್ದನ್ನೂ ಅದರಲ್ಲಿ ಬಿಡದೆ ಬರೆದಿದ್ದರು.

ಅಕ್ಟೋಬರಿನಲ್ಲಿ ಅವರ ಕಾಂಟ್ರಾಕ್ಟ್ ನವೀಕರಣವಾಗಲಿಲ್ಲ. ಕಾರಣವನ್ನು ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಅದ್ಲಿಯಾ ಬಡಾವಣೆಯ ಅವರ ಫ್ಲ್ಯಾಟಿನಿಂದ ಏರ್‌ಪೋರ್ಟಿಗೆ ನನ್ನ ಗಂಡನೇ ಕಾರು ಓಡಿಸಿದ. ದಾರಿಯಲ್ಲಿ ಎರಡು ಸಲ ನಾನು ಶಾಲಿನ ಮಾತು ಎತ್ತಲು ಹೋದೆ. ಎರಡು ಸಲವೂ ಅವರು ಮಕ್ಕಳ ಶಾಲೆಯ ವಿಷಯ ಕೇಳಿದರು.

ಮರುವರ್ಷ ಊರಿನಿಂದ ಅವರ ತಂಗಿಯ ಫೋನು. ಜ್ವರವೆಂದು ಮಲಗಿದವರು ಏಳಲಿಲ್ಲವಂತೆ.

ಮುಂದಿನ ಭಾನುವಾರ, ವಾರದ ಮೊದಲ ಕೆಲಸದ ದಿನ, ನಾನು ನೇರ ಮ್ಯಾನೇಜರ್ ಮೇಜಿನ ಮುಂದೆ ನಿಂತೆ. ಶಾಲು ನನ್ನದು ಎಂದೆ.

“ಈಗ್ಯಾಕೆ ಹೇಳ್ತಿದೀರಾ? ಅವರೇ ಇಲ್ವಲ್ಲ.”

“ಅದಕ್ಕೇ ಸರ್.”

ನನ್ನನ್ನು ಊರಿಗೆ ಕಳುಹಿಸಿಬಿಡುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಹಿಂದಿನ ವರ್ಷದ ದಾಖಲೆ ಪುಸ್ತಕ ತೆಗೆದು ನನ್ನ ಮುಂದಿಟ್ಟು, ಪೆನ್ನು ಕೊಟ್ಟು ಹೊರಗೆ ಹೋದರು.

ಪ್ರಯೋಗಾಲಯದ ಪುಸ್ತಕದಲ್ಲಿ ಯಾವುದನ್ನೂ ಅಳಿಸುವಂತಿಲ್ಲ. ತಪ್ಪಿದ್ದರೆ ಅದರ ಮೇಲೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಮೊದಲ ಪರೀಕ್ಷೆ ಹಾಳಾದ ಪುಟದಲ್ಲಿ, ತಪ್ಪು ಯಾರದ್ದು ಎಂಬಲ್ಲಿದ್ದ ಟೀಚರ ಹೆಸರಿನ ಮೇಲೆ ನಾನು ಗೆರೆ ಎಳೆದೆ. ಪಕ್ಕದಲ್ಲಿ ನನ್ನ ಹೆಸರು ಬರೆದೆ. ಗೆರೆಯ ಕೆಳಗೆ ಅವರ ಹೆಸರು ಈಗಲೂ ಸ್ಪಷ್ಟವಾಗಿ ಓದಲು ಬರುತ್ತದೆ.